ಬಾಗಿಲು ಮುಚ್ಚುವ ಹಕ್ಕು

ಕಳೆದ ವರ್ಷ ಮೇ ತಿಂಗಳಿಂದ ಆರು ತಿಂಗಳು ನಾನೂ ನನ್ನ ಮನೆಯವರೂ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮಗಳ ಮನೆಯಲ್ಲಿದ್ದೆವು. ಅಲ್ಲಿಗೆ ಹೋಗಿ ಬಂದವರು ಸಾಮಾನ್ಯವಾಗಿ ರಸ್ತೆಯ ನುಣುಪು, ಕಸ ವಿಂಗಡಣೆ, ಜನರ ಶಿಸ್ತು ಇವುಗಳ ಬಗ್ಗೆ ಬರೆಯುತ್ತಾರೆ. ಮೂವತ್ತಾರು ವರ್ಷ ಸರ್ಕಾರಿ ಇಂಜಿನಿಯರ್ ಆಗಿದ್ದ ನಾನೂ ಅಲ್ಲಿಯ ಚರಂಡಿ ಮುಚ್ಚಳ ನೋಡುತ್ತ ಫುಟ್‌ಪಾತಿನಲ್ಲಿ ನಿಂತದ್ದುಂಟು. ಆದರೆ ಈ ಪತ್ರಿಕೆಯ ಓದುಗರ ಮುಂದೆ ಇಡಬೇಕೆನಿಸಿದ್ದು ಅದಲ್ಲ. ಹತ್ತನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಶಾಲೆಯ ಕಡೆಯಿಂದ ಹತ್ತು ದಿನಗಳ ಪ್ರವಾಸಕ್ಕೆಂದು ಮರುಭೂಮಿಯ ಮೂಲನಿವಾಸಿಗಳ ಊರಿಗೆ ಹೋದಳು. ಎರಡನೇ ದಿನವೇ ಆ ಊರಿನವರು ಮಕ್ಕಳನ್ನೆಲ್ಲ ಹೊರಗೆ ಕಳಿಸಿದರು. ಆಮೇಲೆ ನಮ್ಮ ಮನೆಯಲ್ಲಿ ಜಗಳವಾಯಿತು. ಆ ಜಗಳದಲ್ಲಿ ನಾನು ಯಾವ ಪಕ್ಷ, ಏಕೆ ಎಂಬುದನ್ನು ಹೇಳಬೇಕಾಗಿದೆ.

ಪ್ರವಾಸಕ್ಕೆ ಮುಂಚೆ ಶಾಲೆಯವರು ಪಾಲಕರ ಸಭೆ ಕರೆದಿದ್ದರು. ಮಗಳಿಗೆ ಆಸ್ಪತ್ರೆಯ ಡ್ಯೂಟಿ ಇತ್ತು, ಅಳಿಯನ ಜೊತೆ ನಾನು ಹೋದೆ. ಸಭೆಯ ಆರಂಭದಲ್ಲಿ ಮುಖ್ಯೋಪಾಧ್ಯಾಯರು ಎದ್ದು, ಈ ಶಾಲೆ ನಿಂತಿರುವ ನೆಲ ವುರುಂಡ್ಜೆರಿ ಜನರದು, ಅವರ ಹಿರಿಯರಿಗೆ ಗೌರವ ಸಲ್ಲಿಸುತ್ತೇವೆ ಎಂದು ಹೇಳಿದರು. ಅಲ್ಲಿ ಪ್ರತಿ ಸಭೆಯೂ ಹೀಗೇ ಶುರುವಾಗುತ್ತದೆ. ನಮ್ಮ ಕನ್ನಡಿಗರು ಸೇರಿ ಆಚರಿಸಿದ ಬಸವ ಜಯಂತಿಯಲ್ಲೂ ಒಬ್ಬ ತರುಣ ಈ ಮಾತನ್ನು ಮೊಬೈಲಿನಿಂದ ಓದಿದ್ದ. ಟೆಂಡರಿನ ಷರತ್ತು ಓದುವಂತೆ, ಉಸಿರು ಬಿಡದೆ.

ಹೋಗುವ ಜಾಗ ದಕ್ಷಿಣ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಮರುಭೂಮಿ. ಪಿಟ್ಜಂಟ್ಜಾಟ್ಜರಾ, ಯಂಕುನಿಟ್ಜಾಟ್ಜರಾ ಎಂಬ ಎರಡು ಭಾಷೆಗಳ ಜನ ಅಲ್ಲಿದ್ದಾರೆ. ಈ ಹೆಸರು ಹೇಳಲು ನನಗೆ ಒಂದು ವಾರ ಹಿಡಿಯಿತು. ಅವರು ತಮ್ಮನ್ನು ಕರೆದುಕೊಳ್ಳುವುದು ಅನಂಗು ಎಂದು. ಅಂದರೆ ಜನ, ಅಷ್ಟೇ. 1981ರಲ್ಲಿ ಆ ರಾಜ್ಯದ ಸಂಸತ್ತು ಕಾಯ್ದೆ ಮಾಡಿ ಒಂದು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು ನೆಲದ ಒಡೆತನವನ್ನು ಅವರಿಗೇ ಬರೆದುಕೊಟ್ಟಿತು. ನಮ್ಮ ಕರ್ನಾಟಕದ ಅರ್ಧಕ್ಕಿಂತ ದೊಡ್ಡ ಪ್ರದೇಶ. ಇರುವ ಜನ ಎರಡು-ಮೂರು ಸಾವಿರ. ಹೊರಗಿನವರು ಒಳಗೆ ಕಾಲಿಡಬೇಕಾದರೆ ಅವರಿಂದ ಲಿಖಿತ ಪರವಾನಗಿ ಬೇಕು. ಯಾಕೆ ಬರುತ್ತೀರಿ, ಎಷ್ಟು ದಿನ, ಯಾರು ಯಾರು ಎಂದು ಅರ್ಜಿ ಹಾಕಿಕೊಳ್ಳಬೇಕು. ಶಾಲೆ ನಾಲ್ಕು ತಿಂಗಳು ಮುಂಚೆಯೇ ಅರ್ಜಿ ಹಾಕಿತ್ತು.

ಶಿಕ್ಷಕಿ ಒಂದೊಂದಾಗಿ ನಿಯಮ ಹೇಳಿದರು. ಮೊಬೈಲ್ ಇಲ್ಲ. ಕೇಳದೆ ಫೋಟೊ ಇಲ್ಲ. ಮೊಣಕಾಲು ಮುಚ್ಚುವ ಬಟ್ಟೆ. ಹಿರಿಯರು ಮಾತಾಡದೆ ಕುಳಿತರೆ ನೀವೂ ಸುಮ್ಮನೆ ಕುಳಿತಿರಿ, ಮೌನ ತುಂಬಲು ಹೋಗಬೇಡಿ. ಕೊನೆಯಲ್ಲಿ, ಸಣ್ಣ ಅಕ್ಷರದ ಷರತ್ತಿನ ಹಾಗೆ, ಒಂದು ಮಾತು: ಊರಿನಲ್ಲಿ ಸಾವಾದರೆ ಕಾರ್ಯಕ್ರಮ ರದ್ದಾಗಬಹುದು, ಆಗ ನಾವು ಹೊರಡಬೇಕಾಗುತ್ತದೆ. ಪಾಲಕರು ತಲೆಯಾಡಿಸಿದರು. ಸಣ್ಣ ಅಕ್ಷರವನ್ನು ಯಾರು ಓದುತ್ತಾರೆ! ನಾನೂ ನನ್ನ ಸರ್ವಿಸಿನಲ್ಲಿ ಕಾಂಟ್ರ್ಯಾಕ್ಟಿನ ಸಣ್ಣ ಅಕ್ಷರ ಓದಿದ್ದು ಕೋರ್ಟಿಗೆ ಹೋದಾಗ ಮಾತ್ರ.

ಇನ್ನು ಅವಳು ಕಂಡದ್ದು. ಜುಲೈ ಅಲ್ಲಿ ಚಳಿಗಾಲ. ಆಲಿಸ್ ಸ್ಪ್ರಿಂಗ್ಸ್‌ವರೆಗೆ ವಿಮಾನ, ಅಲ್ಲಿಂದ ಸಣ್ಣ ಬಸ್ಸು. ಮೊದಲು ಪಶ್ಚಿಮಕ್ಕೆ ಎಂಟಾರಿಯಾ ಎಂಬ ಹಳ್ಳಿ. 1877ರಲ್ಲಿ ಜರ್ಮನ್ ಪಾದ್ರಿಗಳು ಹರ್ಮನ್ಸ್‌ಬರ್ಗ್ ಎಂದು ಹೆಸರಿಟ್ಟು ಮಿಷನ್ ಕಟ್ಟಿದ ಜಾಗ. ಆಲ್ಬರ್ಟ್ ನಮಟ್ಜಿರಾ ಹುಟ್ಟಿದ್ದು ಅಲ್ಲಿ, 1902ರಲ್ಲಿ. ಜಲವರ್ಣದಲ್ಲಿ ಆ ಕೆಂಪು ಬೆಟ್ಟಗಳನ್ನು ಬರೆದು ದೇಶಕ್ಕೆಲ್ಲ ಹೆಸರಾದವರು. ಇಂಗ್ಲೆಂಡಿನ ರಾಣಿಯ ಎದುರು ನಿಂತು ಬಂದವರು. ಆದರೆ ತಮ್ಮದೇ ದೇಶದಲ್ಲಿ ಅವರಿಗೆ ಪೂರ್ಣ ನಾಗರಿಕ ಹಕ್ಕು ಸಿಕ್ಕಿದ್ದು 1957ರಲ್ಲಿ, ಅದೂ ವಿಶೇಷ ವಿನಾಯಿತಿಯಾಗಿ. ಆ ಹಕ್ಕಿನಲ್ಲಿ ಮದ್ಯ ಕೊಳ್ಳುವುದೂ ಸೇರಿತ್ತು. ತಮ್ಮವರ ಜೊತೆ ಅದನ್ನು ಹಂಚಿಕೊಂಡರೆ ಮಾತ್ರ ಅಪರಾಧ! ಹಾಗೆ ಹಂಚಿಕೊಂಡರೆಂದು ಮರುವರ್ಷವೇ ಶಿಕ್ಷೆಯಾಯಿತು. 1959ರಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆ ಮದ್ಯಪಾನವನ್ನು ಖಂಡಿಸುತ್ತ ಬಂದಿದೆ, ನಾನೂ ಖಂಡಿಸುವವನೇ. ಆದರೆ ಒಬ್ಬನನ್ನು ಅವನ ಬಳಗದಿಂದ ಕಿತ್ತು ಮೇಲೆ ಕೂರಿಸಿ, ಅವರ ಜೊತೆ ಕೂತು ಉಣ್ಣಬೇಡ ಎನ್ನುವ ಕಾನೂನಿಗೂ ಪಾನನಿಷೇಧಕ್ಕೂ ಸಂಬಂಧವಿಲ್ಲ. ಸಹಪಂಕ್ತಿಯನ್ನು ಮುರಿಯುವ ಬುದ್ಧಿ ಎಲ್ಲ ಕಡೆ ಒಂದೇ ಇರುತ್ತದೆ.

ಪಪುನ್ಯಾ ಎಂಬ ಇನ್ನೊಂದು ಊರಿನ ಕಥೆಯನ್ನೂ ಮೊಮ್ಮಗಳು ಹೇಳಿದಳು. 1971ರಲ್ಲಿ ಅಲ್ಲಿಯ ಶಾಲೆಗೆ ಬಂದ ಜೆಫ್ರಿ ಬಾರ್ಡನ್ ಎಂಬ ಚಿತ್ರಕಲಾ ಶಿಕ್ಷಕರು ಊರಿನ ಹಿರಿಯರಿಗೆ ಬಣ್ಣ ಒದಗಿಸಿದರು. ಹಿರಿಯರು ಶಾಲೆಯ ಗೋಡೆಯ ಮೇಲೆ ತಮ್ಮ ಜೇನಿರುವೆಯ ಕಥೆಯನ್ನು ಬರೆದರು. ಇಂದು ಲೋಕದ ಮ್ಯೂಸಿಯಮ್ಮುಗಳಲ್ಲಿ ಕಾಣುವ ಆ ಚುಕ್ಕಿ ಚಿತ್ರಗಳ ಚಳವಳಿ ಹೊರಟದ್ದು ಆ ಗೋಡೆಯಿಂದ. ಕೆಲವೇ ವರ್ಷಗಳಲ್ಲಿ ಆಡಳಿತದವರು ಗೋಡೆಗೆ ಬಣ್ಣ ಬಳಿದು ಚಿತ್ರವನ್ನು ಅಳಿಸಿಬಿಟ್ಟರು. ಯಾರೋ ನನ್ನಂಥ ಇಂಜಿನಿಯರೇ ವಾರ್ಷಿಕ ದುರಸ್ತಿಯ ಅಂದಾಜುಪಟ್ಟಿಯಲ್ಲಿ ಸೇರಿಸಿರಬೇಕು.

ಮೂರನೆಯ ದಿನ ಅನಂಗುಗಳ ಊರು ತಲುಪಿದರು. ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳುವುದು ಅವರ ಮನೆಯ ದುಃಖದ ವಿಷಯ. ಮರುದಿನ ಬೆಳಿಗ್ಗೆ ನಾಲ್ವರು ಅಜ್ಜಿಯರು ಮಕ್ಕಳನ್ನು ಮುಲ್ಗಾ ಎಂಬ ಜಾಲಿಜಾತಿಯ ಮರಗಳ ನಡುವೆ ಕರೆದುಕೊಂಡು ಹೋದರು. ಕಬ್ಬಿಣದ ಸಲಾಕೆಯಿಂದ ನೆಲ ಅಗೆದು ಟ್ಜಾಲಾ ಹುಡುಕುವುದು. ಟ್ಜಾಲಾ ಎಂದರೆ ಹೊಟ್ಟೆಯಲ್ಲಿ ದ್ರಾಕ್ಷಿಯಷ್ಟು ಜೇನು ತುಂಬಿಕೊಂಡು ನೆಲದೊಳಗೆ ತೂಗಾಡುವ ಇರುವೆ. ಇನ್ನೊಂದು ಜಾತಿಯ ಗಿಡದ ಬೇರಿನಲ್ಲಿ ಮಾಕು ಎಂಬ ಬೆರಳುದ್ದದ ಬಿಳಿ ಹುಳ. ಎರಡೂ ಅವರಿಗೆ ಪ್ರೀತಿಯ ಆಹಾರ. ನನ್ನ ಮೊಮ್ಮಗಳು ಇಷ್ಟಲಿಂಗ ಕಟ್ಟಿದ ಹುಡುಗಿ, ಮೊಟ್ಟೆಯನ್ನೂ ತಿಂದವಳಲ್ಲ. ಎಲ್ಲರಿಗಿಂತ ಜೋರಾಗಿ ಅಗೆದಳಂತೆ, ಸಿಕ್ಕಿದ್ದನ್ನು ಅಜ್ಜಿಯ ಕೈಗೆ ಕೊಟ್ಟಳಂತೆ. ನಮ್ಮ ಮನೆಯಲ್ಲಿ ಜೀವವಿರುವುದನ್ನು ತಿನ್ನುವುದಿಲ್ಲ ಎಂದು ಹೇಳಿದಾಗ ಆ ಅಜ್ಜಿ ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ತಲೆಯಾಡಿಸಿ, ಬೂದಿಯಲ್ಲಿ ಸುಟ್ಟ ರೊಟ್ಟಿಯ ಚೂರನ್ನು ಕೊಟ್ಟರಂತೆ. ಪ್ರತಿಯೊಂದು ಮನೆತನಕ್ಕೂ ತಿನ್ನಬಾರದ್ದು, ನೋಡಬಾರದ್ದು, ಹೇಳಬಾರದ್ದು ಇರುತ್ತದೆ ಎಂಬುದು ಅವರಿಗೆ ಹೊಸತಲ್ಲ. ಶಾಲೆಯ ಇಬ್ಬರು ಹುಡುಗರು ಮಾತ್ರ ಅವಳನ್ನು ದಿನವಿಡೀ ಗೇಲಿ ಮಾಡಿದರು.

"ಅಜ್ಜಾ, ಇರುವೆ ಹೊಟ್ಟ್ಯಾಗಿನ ಜೇನು ನೆಕ್ಕಿ ಇರುವೀನ್ನ ವಾಪಸ್ ಬಿಟ್ರ ಅದು ಮಾಂಸ ಆಗ್ತದೇನು?" ಎಂದು ಬಂದ ಮೇಲೆ ಕೇಳಿದಳು. ನಾನು ತೀರ್ಪು ಕೊಡಲಿಲ್ಲ. ಇದು ಸ್ವಾಮೀಜಿಗಳನ್ನು ಕೇಳಬೇಕಾದ ಪ್ರಶ್ನೆ.

ಅದೇ ಸಂಜೆ ಊರಿನಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಬಂತು. ಬೆಳಗಾಗುವಷ್ಟರಲ್ಲಿ ಅಂಗಡಿ, ಶಾಲೆ, ಕಲಾಕೇಂದ್ರ ಎಲ್ಲ ಮುಚ್ಚಿದ್ದವು. ಇಂಗ್ಲಿಷಿನಲ್ಲಿ ಇದನ್ನು ಅವರು ಸಾರಿ ಬಿಸಿನೆಸ್ ಎನ್ನುತ್ತಾರೆ, ದುಃಖದ ಕೆಲಸ. ನೂರಾರು ಕಿಲೋಮೀಟರ್ ದೂರದಿಂದ ನೆಂಟರು ಬರುತ್ತಾರೆ; ಎಷ್ಟು ದಿನ ಎಂದು ಲೆಕ್ಕವಿಲ್ಲ. ಸತ್ತವರ ಹೆಸರನ್ನು ಮತ್ತೆ ಬಹುಕಾಲ ಯಾರೂ ಎತ್ತುವುದಿಲ್ಲ. ಅದೇ ಹೆಸರಿನ ಬದುಕಿರುವವರನ್ನೂ ಕುನ್ಮನಾರಾ ಎಂದು ಬೇರೆ ಮಾತಿನಿಂದ ಕರೆಯುತ್ತಾರೆ. ಊರಿನ ಹಿರಿಯರೊಬ್ಬರು ಬಂದು, ನೀವು ಈಗ ಹೋಗಬೇಕು ಎಂದು ಶಿಕ್ಷಕಿಗೆ ಹೇಳಿದರು. ಎರಡು ಗಂಟೆಯಲ್ಲಿ ಇಪ್ಪತ್ತೆರಡು ಮಕ್ಕಳು ಗಂಟುಮೂಟೆ ಕಟ್ಟಿದರು. ರೊಟ್ಟಿ ಕೊಟ್ಟ ಅಜ್ಜಿ ಬಸ್ಸಿನ ಹತ್ತಿರ ಬಂದು ಒಬ್ಬೊಬ್ಬರ ಕೈಯನ್ನೂ ಮುಟ್ಟಿ, ಏನೂ ಮಾತಾಡದೆ ಹೋದರಂತೆ. ಉಳಿದ ದಿನಗಳನ್ನು ಮಕ್ಕಳು ಉಲೂರು ಬಂಡೆಯ ಕಡೆ ಟೆಂಟಿನಲ್ಲಿ ಕಳೆದು ವಾಪಸು ಬಂದರು.

ಇಲ್ಲಿಂದ ಜಗಳ ಶುರು. ಶುಲ್ಕ ಸಣ್ಣದಲ್ಲ, ಅಳಿಯನ ತಿಂಗಳ ಮನೆಸಾಲದ ಕಂತಿಗಿಂತ ಹೆಚ್ಚು. ಊರಿನಲ್ಲಿ ನಾಲ್ಕು ರಾತ್ರಿ ಎಂದು ಹೇಳಿ ಎರಡೇ ರಾತ್ರಿ ಇರಿಸಿದ್ದಕ್ಕೆ ಹಣ ವಾಪಸು ಕೊಡಿ ಎಂದು ಕೆಲವು ಪಾಲಕರು ಪತ್ರ ತಯಾರಿಸಿ ಸಹಿಗೆ ತಿರುಗಿಸಿದರು. ನಮ್ಮ ಮನೆಗೂ ಬಂತು. ಫ್ರಿಜ್ಜಿನ ಬಾಗಿಲ ಮೇಲೆ ಅಯಸ್ಕಾಂತದ ಕೆಳಗೆ ಮೂರು ವಾರ ನೇತಾಡಿತು.

"ಮಾಮಾ, ಅವರ ಸಂಪ್ರದಾಯಕ್ಕ ನಾ ಬ್ಯಾಡ ಅನ್ನಂಗಿಲ್ರೀ. ಆದ್ರ ಅವರ ನೆಲಾ ಕಸಗೊಂಡವರು ಬಿಳೇರು. ನಾವು ನಿನ್ನೆ ಮೊನ್ನೆ ಬಂದವರು. ಆ ಪಾಪದ ಬಿಲ್ಲು ನನಗ್ಯಾಕ?" ಎಂದ ಅಳಿಯ.

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬಿಳಿಯರಲ್ಲದವರನ್ನು ಆ ದೇಶ ಕೂಡ ಬಹುಕಾಲ ಬಾಗಿಲ ಹೊರಗೇ ನಿಲ್ಲಿಸಿತ್ತು. ಆ ನೀತಿಯ ಕೊನೆಯ ಎಳೆ ಕಡಿದದ್ದು 1973ರಲ್ಲಿ. ಆದರೆ ಅಳಿಯನ ಮನೆ ನಿಂತಿರುವ ನೆಲ ಯಾವುದು? 1788ರಲ್ಲಿ ಬ್ರಿಟಿಷರು ನೆಲೆಯೂರಿದ ಮೇಲೆ ಇಡೀ ಖಂಡವನ್ನೇ ಯಾರದೂ ಅಲ್ಲದ ನೆಲವೆಂದು ಲೆಕ್ಕ ಹಿಡಿದರು. ನಮ್ಮ ಪಹಣಿಯಲ್ಲಿ ಖರಾಬು ಎಂದು ಬರೆಯುತ್ತಾರಲ್ಲ, ಹಾಗೆ. ಖರಾಬು ಎಂದು ಬರೆದ ಜಾಗದಲ್ಲಿ ಜನ ಇದ್ದರು, ದನ ಮೇಯುತ್ತಿತ್ತು, ಗೋರಿಗಳಿದ್ದವು ಎಂಬುದು ನಮ್ಮ ಸರ್ವೆಯವರಿಗೆ ಹೇಗೆ ಕಾಣುವುದಿಲ್ಲವೋ ಹಾಗೆಯೇ ಅವರಿಗೂ ಕಾಣಲಿಲ್ಲ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಎಡ್ಡಿ ಮಾಬೋ ಮತ್ತವರ ಸಂಗಡಿಗರ ದಾವೆಯಲ್ಲಿ ಆ ಸುಳ್ಳನ್ನು ತಳ್ಳಿಹಾಕಿದ್ದು 1992ರಲ್ಲಿ, ಮಾಬೋ ತೀರಿಕೊಂಡ ಕೆಲವು ತಿಂಗಳ ಮೇಲೆ. ಖರಾಬು ಎಂದು ದಾಖಲಾದ ನೆಲದಲ್ಲಿ ಲೇಔಟ್ ಆಗಿದೆ, ನಾನು ಸೈಟು ಕೊಂಡಿದ್ದೇನೆ, ಕಸಿದವನು ನಾನಲ್ಲ ನಿಜ. ಆದರೆ ದಾಖಲೆ ತಿದ್ದುವಾಗ ನನಗೂ ಅದಕ್ಕೂ ಸಂಬಂಧವಿಲ್ಲ ಎನ್ನಲು ಬರುವುದಿಲ್ಲ. ಅಳಿಯನಿಗೆ ಇದನ್ನೇ ಹೇಳಿದೆ. ಅವನಿಗೆ ಸೈಟಿನ ಭಾಷೆ ಅರ್ಥವಾಗುತ್ತದೆ.

ಆದರೆ ನನ್ನ ಮನಸ್ಸಿನಲ್ಲೂ ಮೊದಲು ಒಂದು ಕೊಸರು ಇತ್ತು, ಮುಚ್ಚಿಡುವುದಿಲ್ಲ. ಸಾವಿಗೆ ಊರು ಮುಚ್ಚಿದರು ಎಂದು ಕೇಳಿದಾಗ ಇದೂ ಒಂದು ಸೂತಕ ಎಂದುಕೊಂಡೆ. ಪಂಚಸೂತಕಗಳನ್ನು ಕಿತ್ತೊಗೆದ ಶರಣರ ಮಕ್ಕಳು ನಾವು. ನನ್ನ ತಂದೆ ಲಿಂಗೈಕ್ಯರಾದ ದಿನವೂ ಮನೆಯಲ್ಲಿ ಲಿಂಗಪೂಜೆ ನಿಂತಿರಲಿಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿ ಶಾಲಾಮಕ್ಕಳನ್ನು ಸಾವಿನ ಹೆಸರಿನಲ್ಲಿ ಹೊರಹಾಕುವುದು ಏನು ಎಂದು ಮನೆಯವರ ಮುಂದೆ ಗೊಣಗಿದೆ. ಅವರು ಸೊಪ್ಪು ಬಿಡಿಸುತ್ತ ಒಂದೇ ಮಾತು ಹೇಳಿದರು: "ನಿಮ್ಮ ಅವ್ವ ಹೋದಾಗ ಆ ಆಫೀಸರು ಮನೀ ತುಂಬ ಜನಾ ಕರ್ಕೊಂಡು ಫೈಲ್ ಸಹಿಗೆ ಬಂದಿದ್ದ, ನೆನಪೈತಿಲ್ರಿ?"

ನೆನಪಿತ್ತು. ಸೂತಕ ಬೇರೆ, ದುಃಖ ಬೇರೆ. ಸೂತಕವೆಂದರೆ ಇನ್ನೊಬ್ಬರನ್ನು ಮುಟ್ಟಬಾರದವರೆಂದು ದೂರ ಇಡುವುದು. ಆ ಅಜ್ಜಿ ಪ್ರತಿ ಮಗುವಿನ ಕೈಯನ್ನೂ ಮುಟ್ಟಿಯೇ ಕಳಿಸಿದ್ದಾರೆ. ಅವರು ಕೇಳಿದ್ದು, ನಾವು ಅಳುವಾಗ ನೋಡುವವರು ಬೇಡ ಎಂಬುದಷ್ಟನ್ನೇ. ಅವರ ಎಲ್ಲ ರೂಢಿಗಳನ್ನೂ ನಾವು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಸತ್ತವರ ಹೆಸರು ಹೇಳಬಾರದು ಎಂಬುದು ಅವರದು, ಸತ್ತವರ ಹೆಸರಿನಲ್ಲಿ ದಾಸೋಹ ನಡೆಸುವುದು ನಮ್ಮದು. ಆದರೆ ಮನೆಯ ಯಜಮಾನ ಈಗ ಬೇಡ ಎಂದರೆ ಅತಿಥಿ ಎದ್ದು ಬರಬೇಕು. ಅದಕ್ಕೆ ಯಾವ ಧರ್ಮದ ಸಮ್ಮತಿಯೂ ಬೇಕಿಲ್ಲ.

ಇದು ಇಷ್ಟು ದೊಡ್ಡ ವಿಷಯ ಏಕೆ ಎಂದರೆ, ಆ ಜನರಿಗೆ ಬಹುಕಾಲ ಬೇಡ ಎನ್ನುವ ಅಧಿಕಾರವೇ ಇರಲಿಲ್ಲ. 1910ರಿಂದ 1970ರವರೆಗೆ ಸರ್ಕಾರ ಮತ್ತು ಮಿಷನ್ನುಗಳು ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋಗಿ ಹಾಸ್ಟೆಲ್ಲು, ಅನಾಥಾಲಯ, ಬಿಳಿಯರ ಮನೆಗಳಲ್ಲಿ ಬೆಳೆಸಿದವು. ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದು ಮಗುವಿನವರೆಗೆ ಹೀಗೆ ಹೋಯಿತೆಂದು 1997ರ ರಾಷ್ಟ್ರೀಯ ವಿಚಾರಣಾ ವರದಿ ಹೇಳಿತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. ಅಂದು ಅಲ್ಲಿಂದ ಮಕ್ಕಳು ಊರಿಗೆ ಬಂದದ್ದು ಯಾರೂ ಕೇಳದೆ. ಇಂದು ಊರಿನ ಮಕ್ಕಳು ಅಲ್ಲಿಗೆ ಹೋಗುತ್ತಿದ್ದಾರೆ, ಅರ್ಜಿ ಹಾಕಿ. ಈ ಅರ್ಜಿಯಲ್ಲೇ ಇಡೀ ಪಾಠ ಇದೆ, ಮಿಕ್ಕದ್ದು ನೋಟ. ಉಲೂರು ಬಂಡೆಯನ್ನೇ ನೋಡಿ. 1985ರ ಅಕ್ಟೋಬರ್ 26ರಂದು ಅದರ ಒಡೆತನ ಅನಂಗುಗಳಿಗೆ ಮರಳಿತು. ದಯವಿಟ್ಟು ಹತ್ತಬೇಡಿ ಎಂದು ಅವರು ಕೇಳಿಕೊಳ್ಳುತ್ತಲೇ ಬಂದರು, ಜನ ಸರಪಳಿ ಹಿಡಿದು ಹತ್ತುತ್ತಲೇ ಇದ್ದರು. 2019ರಲ್ಲಿ ಅದೇ ಅಕ್ಟೋಬರ್ 26ರಂದು ಹತ್ತುವುದು ಪೂರ್ತಿ ನಿಂತಿತು. ಕೊನೆಯ ವಾರಗಳಲ್ಲಿ ಹತ್ತಲು ನೂಕುನುಗ್ಗಲು!

2023ರ ಅಕ್ಟೋಬರಿನಲ್ಲಿ ಮೂಲನಿವಾಸಿಗಳಿಗೆ ಸಂಸತ್ತಿಗೆ ಸಲಹೆ ಕೊಡುವ ಒಂದು ಮಂಡಳಿ ಇರಲಿ ಎಂದು ಸಂವಿಧಾನ ತಿದ್ದುಪಡಿಗೆ ಜನಮತ ಕೇಳಿದರು. ನೂರಕ್ಕೆ ಅರವತ್ತು ಮಂದಿ ಬೇಡ ಎಂದರು, ಆರೂ ರಾಜ್ಯಗಳು ಬೇಡ ಎಂದವು. ದೂರದ ಆದಿವಾಸಿ ಊರುಗಳ ಮತಗಟ್ಟೆಗಳಲ್ಲಿ ಬಹುಪಾಲು ಬೇಕು ಎಂದೇ ಬಿದ್ದಿತ್ತು. ಮೊಮ್ಮಗಳ ತರಗತಿಯ ಮಕ್ಕಳು ಇನ್ನೆರಡು-ಮೂರು ವರ್ಷದಲ್ಲಿ ಮತದಾರರು. ಪ್ರವಾಸದ ಪ್ರಯೋಜನ ಏನು ಎಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ನನ್ನಲ್ಲಿಲ್ಲ.

ಇಂಥ ಪ್ರವಾಸಗಳೆಲ್ಲ ಒಳ್ಳೆಯವು ಎಂದು ನಾನು ಹೇಳುತ್ತಿಲ್ಲ. ಹಣವಂತರ ಮಕ್ಕಳು ಬಡವರ ಬೀದಿ ನೋಡಿ, ಅಲ್ಲಿಯ ಕೂಸನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು, ಒಂದು ಬೇಲಿಗೆ ವಕ್ರವಾಗಿ ಬಣ್ಣ ಬಳಿದು, ಸೇವೆ ಮಾಡಿದೆವೆಂದು ಪ್ರಮಾಣಪತ್ರ ತೆಗೆದುಕೊಳ್ಳುವ ಪ್ರವಾಸಗಳೂ ಇವೆ. ಈ ಶಾಲೆಯ ಬಗ್ಗೆ ನನಗೆ ಒಪ್ಪಿಗೆಯಾದದ್ದು ಮೂರು ಸಂಗತಿ: ಅಜ್ಜಿಯರಿಗೆ ಶಿಕ್ಷಕರೆಂದು ಸಂಬಳ ಕೊಟ್ಟಿದ್ದರು, ಸಾವಾದ ಮೇಲೆ ಆ ಹಣವನ್ನು ಹಿಂದಕ್ಕೆ ಕೇಳಲಿಲ್ಲ, ಎರಡು ವರ್ಷಕ್ಕೊಮ್ಮೆ ಆ ಊರಿನ ಮಕ್ಕಳೂ ಮೆಲ್ಬರ್ನಿಗೆ ಬಂದು ಇವರ ಮನೆಗಳಲ್ಲಿ ಉಳಿಯುತ್ತಾರೆ. ಒಪ್ಪಿಗೆಯಾಗದ್ದೂ ಇದೆ. ಅನಂಗು ಭಾಷೆಯ ನಾಲ್ಕು ಮಾತನ್ನೂ ಮಕ್ಕಳಿಗೆ ಮೊದಲೇ ಕಲಿಸಿರಲಿಲ್ಲ. ಅದೇ ಸೀಮೆಯ ಎರ್ನಬೆಲ್ಲಾ ಮಿಷನ್ನಿನಲ್ಲಿ 1940ರಷ್ಟು ಹಿಂದೆ ಶಾಲೆಯನ್ನು ಪಿಟ್ಜಂಟ್ಜಾಟ್ಜರಾ ಭಾಷೆಯಲ್ಲೇ ಶುರು ಮಾಡಿದ್ದರು. ಹೋಗುವವರಿಗೆ ಹತ್ತು ಮಾತು ಕಲಿಸಲು ಏನು ಕಷ್ಟ?

ಮೊಮ್ಮಗಳು ಹೇಳಿದ ಇನ್ನೊಂದು ಮಾತು ನನ್ನನ್ನು ತಾಗಿತು. ಅಲ್ಲಿಯ ಮನೆಗಳಲ್ಲಿ ನಲ್ಲಿ ಕೆಟ್ಟಿರುತ್ತದೆ, ಬಚ್ಚಲು ಕಟ್ಟಿರುತ್ತದೆ. ಅವರು ಮನೆ ಹಾಳು ಮಾಡಿಕೊಳ್ಳುತ್ತಾರೆ ಎಂದು ಬಸ್ಸಿನಲ್ಲಿ ಒಬ್ಬ ಹುಡುಗ ಅಂದನಂತೆ. ನಗರಸಭೆಯ ಗ್ರಂಥಾಲಯಕ್ಕೆ ಹೋಗಿ ಹುಡುಕಿದೆ. ಆ ಹುಡುಗನಿಗೆ ಉತ್ತರ 1987ರಲ್ಲೇ ಸಿಕ್ಕಿದೆ. ಆ ಸೀಮೆಯ ಆದಿವಾಸಿಗಳದೇ ಆರೋಗ್ಯ ಸಂಸ್ಥೆಗೆ ಆಗ ಯಾಮಿ ಲೆಸ್ಟರ್ ಎಂಬ ಅನಂಗು ನಿರ್ದೇಶಕರು. (ಸಾರ್ವಜನಿಕ ದಾಖಲೆಯ ಹೆಸರೆಂದು ಬರೆಯುತ್ತಿದ್ದೇನೆ.) 1953ರಲ್ಲಿ ಬ್ರಿಟನ್ ಎಮು ಫೀಲ್ಡ್ ಎಂಬಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಕಪ್ಪು ಮಂಜು ತಮ್ಮ ಬಿಡಾರದ ಮೇಲೆ ಹಾದುಹೋಯಿತೆಂದು, ಆಮೇಲೆ ಕಣ್ಣು ಹೋಯಿತೆಂದು ಸಾಕ್ಷಿ ಹೇಳಿದವರು ಅವರು. ವೈದ್ಯರು ಬರುತ್ತಾರೆ, ಔಷಧ ಕೊಡುತ್ತಾರೆ, ಆದರೂ ಜನಕ್ಕೆ ಮತ್ತೆ ಮತ್ತೆ ಅದೇ ರೋಗ. ಬರದಂತೆ ತಡೆಯುವ ದಾರಿ ಹುಡುಕಿ ಎಂದು ಅವರು ಒಬ್ಬ ವೈದ್ಯ, ಒಬ್ಬ ಮಾನವಶಾಸ್ತ್ರಜ್ಞ ಮತ್ತು ಪಾಲ್ ಫೊಲೆರೋಸ್ ಎಂಬ ವಾಸ್ತುಶಿಲ್ಪಿಗೆ ಕೆಲಸ ವಹಿಸಿದರು. ಮೊದಲ ಗುರಿ ಎಂದರೆ ಮಕ್ಕಳಿಗೆ ದಿನಾ ಸ್ನಾನ ಆಗಬೇಕು. ಅದಕ್ಕೆ ನಲ್ಲಿ, ಬಿಸಿನೀರು, ಚರಂಡಿ ಮೂರೂ ಕೆಲಸ ಮಾಡಬೇಕು. ಅಲ್ಲಿಂದ ಶುರುವಾಗಿ ದೇಶದ ಸಾವಿರಾರು ಆದಿವಾಸಿ ಮನೆಗಳಲ್ಲಿ ಪ್ರತಿ ನಲ್ಲಿ, ಸ್ವಿಚ್ಚು ಪರೀಕ್ಷಿಸಿ ಲೆಕ್ಕ ತೆಗೆದರು. ಕೆಟ್ಟದ್ದರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ವಾಡಿಕೆಯ ದುರಸ್ತಿ ಇಲ್ಲದ್ದರಿಂದ, ಇಪ್ಪತ್ತು ಪಾಲು ಕಟ್ಟುವಾಗಲೇ ಕಳಪೆ. ವಾಸಿಸುವವರು ಕೆಡಿಸಿದ್ದು ಹತ್ತಕ್ಕಿಂತ ಕಡಿಮೆ. ಅವರದೊಂದು ನಿಯಮ ನನಗೆ ಬಹಳ ಹಿಡಿಸಿತು: ಕೆಲಸ ಮಾಡದೆ ಸರ್ವೆ ಮಾಡುವಂತಿಲ್ಲ. ಪಟ್ಟಿ ಬರೆಯಲು ಹೋದ ದಿನವೇ ದುರಸ್ತಿಯೂ ಶುರುವಾಗಬೇಕು.

ಈ ಅಂಕಿಗಳನ್ನು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. 1984ರಲ್ಲಿ ನಾನು ಸಹಾಯಕ ಇಂಜಿನಿಯರ್, ಮೈಸೂರು ಸೀಮೆಯ ಕಾಡಂಚಿಗೆ ವರ್ಗವಾಗಿದ್ದೆ. ಕಾಡಿನಿಂದ ಹೊರತಂದ ಜೇನುಕುರುಬರಿಗೆ ಇಪ್ಪತ್ನಾಲ್ಕು ಮನೆ ಕಟ್ಟಿಸುವ ಕೆಲಸ. ನಕ್ಷೆ ಮೇಲಿನಿಂದ ಬಂದಿತ್ತು. ಎರಡು ಸಾಲು, ಎದುರುಬದುರು ಬಾಗಿಲು, ಒಳಗೆ ಒಲೆ ಹಚ್ಚಿದರೆ ಹೊಗೆ ಹೋಗಲು ದಾರಿಯಿಲ್ಲ. ಯಾರನ್ನೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಎರಡು ವರ್ಷದಲ್ಲಿ ಅರ್ಧ ಮನೆ ಖಾಲಿ. ಜನ ಪಕ್ಕದಲ್ಲೇ ಹುಲ್ಲಿನ ಗುಡಿಸಲು ಹಾಕಿಕೊಂಡರು. "ಫಲಾನುಭವಿಗಳು ಸದುಪಯೋಗಪಡಿಸಿಕೊಂಡಿರುವುದಿಲ್ಲ" ಎಂದು ವರದಿ ಬರೆದವನು ನಾನೇ. ಆಗ ಒಬ್ಬ ಮುದುಕ ಕೇಳಿದ್ದ: "ಸ್ವಾಮಿ, ಈ ಮನೆ ಕಟ್ಟಿದ್ದು ನಮಗಾ, ಲೆಕ್ಕಕ್ಕಾ?" ನಾನು ನಕ್ಕು ಜೀಪು ಹತ್ತಿದ್ದೆ. ದುರಸ್ತಿಯ ಪಾಲು, ಕಳಪೆಯ ಪಾಲು, ಅವರ ಪಾಲು ಎಂದು ನಾನು ಲೆಕ್ಕ ತೆಗೆದಿರಲಿಲ್ಲ. ಎಲ್ಲವನ್ನೂ ಅವರ ಪಾಲಿಗೆ ಬರೆದಿದ್ದೆ.

ಹಣ ವಾಪಸಿನ ಪತ್ರಕ್ಕೆ ಅಳಿಯ ಸಹಿ ಹಾಕಲಿಲ್ಲ. ನನ್ನ ವಾದದಿಂದಲ್ಲ, ಮಗಳು "ಅಪ್ಪಾ, ಆ ಅಜ್ಜಿಗೆ ಗೊತ್ತಾದ್ರ ಏನ್ ಅನ್ಕೋತಾರ?" ಎಂದಳು, ಅಷ್ಟಕ್ಕೇ.

ಊರಿಗೆ ಬಂದ ಮೇಲೆ ನಮ್ಮ ಕಡೆಯ ಒಂದು ಮಠದ ಪ್ರೌಢಶಾಲೆಯ ಮುಖ್ಯಗುರುಗಳಿಗೆ ಇದನ್ನೆಲ್ಲ ಹೇಳಿದೆ. ನಮ್ಮ ಮಕ್ಕಳು ಕೂಡಲಸಂಗಮ, ಬಸವಕಲ್ಯಾಣ ನೋಡಿದ್ದಾರೆ, ಮೈಸೂರು ಅರಮನೆ ನೋಡಿದ್ದಾರೆ. ಜಾತಿಯಿಲ್ಲ, ಮೇಲುಕೀಳಿಲ್ಲ ಎಂದು ಪ್ರಾರ್ಥನೆಯಲ್ಲಿ ದಿನಾ ಹೇಳುತ್ತಾರೆ, ಹಾಡಿಯ ಮಗುವಿನ ಪಕ್ಕ ಒಂದು ದಿನ ಕೂತವರಲ್ಲ ಎಂದೆ. ಅವರು ಬಹಳ ಉತ್ಸಾಹದಿಂದ, "ಡಿಸೆಂಬರ್ ಎರಡನೇ ವಾರ ಇಟ್ಟುಬಿಡೋಣ ಸರ್, ಎರಡು ಬಸ್ಸು ಬುಕ್ ಮಾಡ್ತೀನಿ. ಮಕ್ಕಳಿಂದ ಅವರಿಗೆ ಹಳೇ ಬಟ್ಟೆ ಹಂಚಿಸೋಣ" ಎಂದರು. ಬಸ್ಸು ಬೇಡ, ಬಟ್ಟೆಯಂತೂ ಬೇಡವೇ ಬೇಡ, ದಿನಾಂಕ ನಮ್ಮದಲ್ಲ ಎಂದೆ. ಅವರಿಗೆ ಸ್ವಲ್ಪ ಬೇಸರವಾಯಿತು.

ಕಳೆದ ಮಾರ್ಚಿನಲ್ಲಿ ನಾನೊಬ್ಬನೇ ಆ ಹಾಡಿಗೆ ಹೋದೆ. ನಾನು ಕಟ್ಟಿಸಿದ ಮನೆಗಳಲ್ಲಿ ಒಂಬತ್ತು ನಿಂತಿವೆ, ಹಿಂದೆ ಅವರೇ ಚಪ್ಪರ ಇಳಿಸಿ ಒಲೆಯನ್ನು ಹೊರಗೆ ತಂದಿದ್ದಾರೆ. ಆ ಮುದುಕ ಇಲ್ಲ. ಮಗನಿದ್ದಾನೆ, ಅವನಿಗೇ ಈಗ ಅರವತ್ತು. ನಾನು ಯಾರೆಂದು ಹೇಳಿಕೊಂಡೆ, ಮನೆಗಳ ವಿಷಯವನ್ನೂ ಹೇಳಿದೆ. ಅವನು ಏನೂ ಅನ್ನಲಿಲ್ಲ, ಕೂರಲು ಚಾಪೆ ಹಾಸಿದ. ಶಾಲೆಯ ಮಕ್ಕಳು ಬಂದು ನಿಮ್ಮಿಂದ ಕಾಡಿನ ಪಾಠ ಕಲಿಯಬಹುದೇ, ಕಲಿಸಿದ್ದಕ್ಕೆ ಶಿಕ್ಷಕರಿಗೆ ಕೊಡುವಂತೆ ದಿನಗೂಲಿ ಕೊಡುತ್ತೇವೆ, ಆಮೇಲೆ ನಿಮ್ಮ ಮಕ್ಕಳೂ ನಮ್ಮಲ್ಲಿಗೆ ಬರಲಿ ಎಂದು ಕೇಳಿದೆ. ಹೆಂಗಸರ ಕಡೆ ತಿರುಗಿ ತಮ್ಮ ಮಾತಿನಲ್ಲಿ ಬಹಳ ಹೊತ್ತು ಮಾತಾಡಿಕೊಂಡರು. ನಾನು ಸುಮ್ಮನೆ ಕುಳಿತಿದ್ದೆ.

"ಜೇನಿನ ಕಾಲ ಮುಗೀಲಿ ಸ್ವಾಮಿ. ಎಲ್ಲರನ್ನೂ ಕೇಳಿ ಹೇಳ್ತೀವಿ" ಎಂದ.

ಇನ್ನೂ ಫೋನು ಬಂದಿಲ್ಲ. ಮುಖ್ಯಗುರುಗಳು ಎರಡು ಸಲ ವಿಚಾರಿಸಿದರು. ಬಸ್ಸು ಬುಕ್ ಮಾಡಬೇಡಿ ಎಂದಿದ್ದೇನೆ.